ರವಿವಾರದ ಕೂಟ: ತಿಮಿಂಗಿಲ ಬೇಟೆ

ಎಲ್ಲಾರಿಗೂ ನಮಸ್ಕಾರ್ರೀ. ಈ ರವಿವಾರ ಸಂಜಿ 5ಕ್ಕ ಧಾರವಾಡದ ಕೆಲಗೇರಿ ಕೆರಿ ದಂಡಿ ಮ್ಯಾಲ ಕೂಡೋಣ. ತಿಮಿಂಗಿಲ ಬೇಟೆ, ಅದನ್ನ ತಡಿಯೂ ಮಂದಿ ಮಾಡೂ ಕೆಲಸ ಸರಿನೋ ತಪ್ಪೋ ಅಂತ ನಿನ್ನೆ ರಾತ್ರಿ ಶುರುವಾದ ಜಗಳಾ ಅಲ್ಲೇ ಮುಂದುವರಿಸ್ರಿ, ಇಲ್ಲಿ ವಾಯ್ಸ್ ಮೆಸೇಜ್ ಸಾಕು.

ಬರೂಕಿಂತ ಮೊದಲ ಇಷ್ಟು ಗೊತ್ತಿರಲಿ. ವ್ಯಾಪಾರಕ್ಕ ತಿಮಿಂಗಿಲ ಹೊಡಿಯೂದು ನಿಲ್ಲಸಬೇಕಂತ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಾಗ ಠರಾವು ಮಾಡ್ತು. ಜಪಾನ್ 'ಸಂಶೋಧನೆ' ಅಂತ ಹೆಸರಿಟ್ಟು ಅಂಟಾರ್ಕ್ಟಿಕಾ ಕಡೆ ಬೇಟೆ ಬಿಡಲಿಲ್ಲ. ಮಾಂಸ ಮಾತ್ರ ಅಂಗಡಿಗೆ ಹೋಗ್ತಿತ್ತು! 2014ರಾಗ ಅಂತರರಾಷ್ಟ್ರೀಯ ನ್ಯಾಯಾಲಯ ಆ ಪರವಾನಗಿ ರದ್ದು ಮಾಡ್ರಿ ಅಂತ ತೀರ್ಪು ಕೊಡ್ತು. 2019ರಾಗ ಜಪಾನ್ ಆಯೋಗಾನ ಬಿಟ್ಟು ಹೊರಗ ಬಂತು, ಈಗ ತನ್ನ ಸಮುದ್ರದಾಗ ಹೊಡಿತದ. ಈಟಿ ತುದಿಗೆ ಸಿಡಿಮದ್ದು ಇರತದ; ಆದ್ರೂ ಎಲ್ಲಾ ತಿಮಿಂಗಿಲ ಒಂದೇ ಹೊಡತಕ್ಕ ಸಾಯೂದಿಲ್ಲ. ನನ್ನ ದೊಡ್ಡ ತಕರಾರು ಅದ.

ಇನ್ನ ಸೀ ಶೆಫರ್ಡ್ ಮಂದಿ, ಅಂದ್ರ ಸಮುದ್ರಕ್ಕ ಹೋಗಿ ತಿಮಿಂಗಿಲ ಬೇಟೆ ತಡಿಯೂ ಸಂಘಟನೆಯವರು. ಅಂಟಾರ್ಕ್ಟಿಕಾ ಕಡೆ ಬೇಟೆ ಹಡಗಿನ ಪಂಖಾಕ್ಕ ಹಗ್ಗ ಸಿಗಸ್ತಿದ್ರು, ಗಬ್ಬು ನಾರೂ ಆಸಿಡ್ ಬಾಟಲಿ ಒಗಿತಿದ್ರು. 2010ರಾಗ ಅವರ ಆಡಿ ಗಿಲ್ ದೋಣಿಗೂ ಜಪಾನಿ ಹಡಗಿಗೂ ಡಿಕ್ಕಿ ಆಗಿ ದೋಣಿ ಮೂತಿನ ಕತ್ತರಿಸಿ ಹೋತು. ಆ ಥಂಡಿ ನೀರಾಗ ಯಾರರೆ ಸತ್ತಿದ್ರ? ಬೇಟೆ ನನಗೂ ಸೇರೂದಿಲ್ಲ, ಆದ್ರ ಇದನ್ನ ಒಪ್ಪೂದು ಕಷ್ಟ ಐತಿ.

ರಕ್ತದ ವಿಡಿಯೋ ಹಾಕಬ್ಯಾಡ್ರಿ, ಗ್ರೂಪಿನಾಗ ಸಣ್ಣ ಹುಡುಗ್ರ ಅದಾರ. ಗಿರ್ಮಿಟ್ ತರೂ ಪಾಳಿ ಈ ಸಲ ಹುಬ್ಬಳ್ಳಿಯವರದು.