ಸಹಿ ಹಾಕುವ ಮೊದಲು ನಮ್ಮ ಓಣಿಗೆ ಬಂದು ಟೇಪ್ ಹಿಡಿಯಿರಿ

ಮಂಗಳೂರಿನಲ್ಲಿ ಕಟ್ಟಡ ಪರವಾನಿಗೆಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬಿಜೈಯ ಒಂದು ಓಣಿಯಲ್ಲಿ ಹುಟ್ಟಿ, ಅಲ್ಲೇ 57 ವರ್ಷ ಕಳೆದವಳು. ಈ ವಿಷಯಕ್ಕೆ ಇದು ನನ್ನ ನಾಲ್ಕನೇ ಪತ್ರ. ಮೊದಲಿನ ಮೂರನ್ನು ನಿಮ್ಮ ಕಚೇರಿಯ ಟಪಾಲಿಗೆ ಕೊಟ್ಟು, ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಸೀಲು ಹಾಕಿದ ಮೂರು ಪ್ರತಿಗಳೂ ನನ್ನ ಹತ್ತಿರ ಇವೆ. ಉತ್ತರ ಒಂದೂ ಇಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಕೊನೆಯಲ್ಲಿದ್ದ ಹಂಚಿನ ಮನೆ ಮಾರಾಟವಾಗಿದೆ. ಅದರ ಹಿತ್ತಲು, ಬಾವಿ, ಎರಡು ಹಲಸಿನ ಮರ ಎಲ್ಲ ಅದರ ಜೊತೆಗೇ ಹೋಯಿತು. ಅವರ ಜಾಗ, ಅವರು ಮಾರಿದರು, ಅದಕ್ಕೆ ನನ್ನ ತಕರಾರು ಇಲ್ಲ. ಆದರೆ ಅಲ್ಲಿ 14 ಮಹಡಿ, 84 ಫ್ಲ್ಯಾಟ್ ಬರುತ್ತದಂತೆ. ನಕ್ಷೆ ನಿಮ್ಮ ಮೇಜಿನ ಮೇಲಿದೆ. ನಾನು ಕೇಳುವುದು ಒಂದೇ. ಅದಕ್ಕೆ ಸಹಿ ಹಾಕುವ ಮೊದಲು ನಮ್ಮ ಓಣಿಗೆ ಬಂದು ಟೇಪ್ ಹಿಡಿಯಿರಿ.

ನಾನು ಹಿಡಿದು ನೋಡಿದ್ದೇನೆ. ತಮ್ಮನ ಮಗನನ್ನು ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಅಳೆದೆವು. ಓಣಿ ಮೇನ್ ರೋಡಿಗೆ ಸೇರುವಲ್ಲಿ 16 ಅಡಿ. ತಿರುವಿನಲ್ಲಿ 13 ಅಡಿ. ಏರಿನಲ್ಲಿ, ಎರಡು ಮುರಕಲ್ಲಿನ ಕಂಪೌಂಡ್‌ಗಳ ನಡುವೆ, 11 ಅಡಿ 4 ಇಂಚು. ಅದರಲ್ಲೂ ಒಂದೂವರೆ ಅಡಿ ಚರಂಡಿಯ ಚಪ್ಪಡಿ. ಎದುರಿನಿಂದ ಕಾರು ಬಂದರೆ ಒಬ್ಬರು ಹಿಂದೆ ಹೋಗಲೇಬೇಕು. ಇಳಿಜಾರಿನಲ್ಲಿ, ಮಳೆಯಲ್ಲಿ ರಿವರ್ಸ್ ಹೋಗುವುದು ಅಂದರೆ ಏನು ಅಂತ ಈ ಊರಿನಲ್ಲಿ ಕಾರು ಓಡಿಸುವ ಯಾರಿಗಾದರೂ ಗೊತ್ತು.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದರ ಕೆಳಗೆ ಬರುವ ವಲಯ ನಿಯಮಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಎದುರಿನ ರಸ್ತೆ ಎಷ್ಟು ಅಗಲವೋ ಅದನ್ನು ನೋಡಿಯೇ ಎಫ್‌ಎಆರ್, ಅಂದರೆ ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ, ಅದನ್ನು ನೋಡಿಯೇ ಎತ್ತರ. ಇದನ್ನೆಲ್ಲ ನಾನು ನಿಮಗೆ ಹೇಳಿಕೊಡಬೇಕಾ? ಹಾಗಿದ್ದರೆ 11 ಅಡಿಯ ಓಣಿಯಲ್ಲಿ 14 ಮಹಡಿಯ ಅರ್ಜಿ ನಿಮ್ಮ ಮೇಜಿನವರೆಗೆ ಬಂದದ್ದಾದರೂ ಹೇಗೆ?

ಬಿಲ್ಡರ್ ಕಡೆಯವರು ಹೇಳುವುದು, ಮುಂದೆ ರಸ್ತೆ ಅಗಲ ಆಗುತ್ತದೆ ಅಂತ. ಯಾವಾಗ? ಪಂಪ್‌ವೆಲ್ ಫ್ಲೈಓವರ್ 2010ರಲ್ಲಿ ಶುರುವಾಯಿತು, 2020ರ ಜನವರಿಯಲ್ಲಿ ಸಂಚಾರಕ್ಕೆ ಬಿಟ್ಟುಕೊಟ್ಟರು. ಅದು ರಾಷ್ಟ್ರೀಯ ಹೆದ್ದಾರಿ. ನಮ್ಮದು ಮೂಲೆಯ ಓಣಿ. ಎರಡೂ ಬದಿಯಲ್ಲಿ ಜನರ ಮನೆ ಇವೆ, ಗೇಟು ಇವೆ, ಗೋಡೆಗೆ ತಾಗಿ ಬಾವಿ ಇವೆ. ಫ್ಲ್ಯಾಟಿನವರು ಎರಡು ಮೂರು ವರ್ಷದಲ್ಲಿ ಬಂದು ಕೂರುತ್ತಾರೆ. ರಸ್ತೆ ಬರುವುದು ಯಾವಾಗಲೋ.

ಒಂದು ಸಣ್ಣ ಲೆಕ್ಕ ನೋಡಿ. ಮನೆಗೊಂದು ಕಾರು ಅಂತಲೇ ಇಟ್ಟುಕೊಳ್ಳೋಣ. ಎರಡು ಬೇಡ, ಸ್ಕೂಟರ್ ಬೇಡ, ಶಾಲೆಯ ವ್ಯಾನು, ರಿಕ್ಷಾ, ಗ್ಯಾಸಿನ ಗಾಡಿ ಯಾವುದೂ ಬೇಡ. ಬೆಳಿಗ್ಗೆ 8ರಿಂದ 9ರ ಒಳಗೆ 84 ಕಾರು ಹೊರಗೆ ಬಂದರೆ 43 ಸೆಕೆಂಡಿಗೆ ಒಂದು. ನಮ್ಮ ಏರನ್ನು ಒಂದು ಕಾರು ದಾಟಲು ಒಂದು ನಿಮಿಷ ಬೇಕು. ಆ ನಿಮಿಷ ಎದುರಿನಿಂದ ಯಾರೂ ಬರುವ ಹಾಗಿಲ್ಲ. ಆಮೇಲೆ ಮೇನ್ ರೋಡಿಗೆ ತಿರುಗಬೇಕು. ಅಲ್ಲಿ ಕೆಎಸ್ಆರ್‌ಟಿಸಿ ಬಸ್ಸು, ಸಿಟಿ ಬಸ್ಸು, ಕುಂಟಿಕಾನ ಕಡೆಯಿಂದ ಇಳಿದು ಬರುವ ಗಾಡಿಗಳು. ಈಗಲೇ ನಮಗೆ ಸಂದು ಸಿಗುವುದಿಲ್ಲ. ಓಣಿಯಲ್ಲಿ ಇರುವುದು ಬರೀ 19 ಮನೆ ಮತ್ತು ಒಂದು ಸಣ್ಣ ಅಪಾರ್ಟ್‌ಮೆಂಟ್.

ಆ ಸಣ್ಣ ಅಪಾರ್ಟ್‌ಮೆಂಟಿನಲ್ಲಿ 16 ಫ್ಲ್ಯಾಟ್ ಇವೆ. ಬಂದುಹೋಗುವವರಿಗೆ ಗಾಡಿ ನಿಲ್ಲಿಸಲು ಜಾಗ ಇಟ್ಟಿಲ್ಲ. ಅದರಿಂದ ಆದ ಒಂದು ವಿಷಯ ಹೇಳುತ್ತೇನೆ. ಹೇಳಬಾರದು ಅಂತ ಇದ್ದೆ. ಮೂರು ಪತ್ರದಲ್ಲೂ ಬರೆದಿರಲಿಲ್ಲ.

ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನನ್ನ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಳಿಗ್ಗೆ 10 ಗಂಟೆಗೆ ಆಂಬುಲೆನ್ಸಿನಲ್ಲಿ ಮನೆಗೆ ತಂದೆವು. ಮನೆಗೆ ಅಂದೆ, ಆದರೆ ಮನೆಗೆ ತರಲು ಆಗಲಿಲ್ಲ. ಅಂದು ಆ ಅಪಾರ್ಟ್‌ಮೆಂಟಿನಲ್ಲಿ ಒಂದು ಗೃಹಪ್ರವೇಶ. ತಿರುವಿನಿಂದ ಮೇಲಿನವರೆಗೆ ಕಾರುಗಳು. ಡ್ರೈವರ್ ಹಾರ್ನ್ ಹಾಕಿದ, ಇಳಿದು ನೋಡಿದ, ಆಗುವುದಿಲ್ಲ ಅಂದ. ಮಳೆ ಸುರಿಯುತ್ತಿತ್ತು. ಯಾರ ಕಾರು ಯಾವುದು ಅಂತ ಹುಡುಕಿಸುತ್ತಾ ಅರ್ಧ ಗಂಟೆ ಕಾದೆವು. ಕೊನೆಗೆ ತಮ್ಮ ಮತ್ತು ನೆರೆಯವರು ಸ್ಟ್ರೆಚರ್ ಇಳಿಸಿ ಹೊತ್ತುಕೊಂಡು ಏರು ಹತ್ತಿದರು. ಅಪ್ಪನ ಮುಖಕ್ಕೆ ನೀರು ಬೀಳದ ಹಾಗೆ ನಾನು ಕೊಡೆ ಹಿಡಿದು ಪಕ್ಕದಲ್ಲಿ ನಡೆದೆ. ಕಾರು ಮತ್ತು ಗೋಡೆಯ ನಡುವೆ ಇಬ್ಬರಿಗೆ ಜಾಗ ಸಾಲದ ಕಡೆ ಕೊಡೆ ಮುಚ್ಚಬೇಕಾಯಿತು. 1971ರಲ್ಲಿ ಆ ಮನೆ ಕಟ್ಟಿಸಿದವರು ಅಪ್ಪ. ಅದೇ ಏರಿನಲ್ಲಿ ಎತ್ತಿನ ಗಾಡಿಯಲ್ಲಿ ಕಲ್ಲು ತರಿಸಿದ್ದರಂತೆ. ಅವರು ಮಳೆಯಲ್ಲಿ ನೆನೆದುಕೊಂಡೇ ಮನೆಯ ಒಳಗೆ ಬಂದರು.

ಗೃಹಪ್ರವೇಶದವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ಅಪಾರ್ಟ್‌ಮೆಂಟಿನ ಇಬ್ಬರು ಹುಡುಗರು ಹೊಸ ಬಟ್ಟೆಯಲ್ಲೇ ಓಡಿ ಬಂದು ಹೆಗಲು ಕೊಟ್ಟರು. ನನಗೆ ಸಿಟ್ಟು ಇರುವುದು ಜಾಗ ನೋಡದೆ ಸಹಿ ಹಾಕಿದವರ ಮೇಲೆ. 16 ಫ್ಲ್ಯಾಟಿಗೆ ಹೀಗಾಯಿತು. ನೀವು ಈಗ 84ಕ್ಕೆ ಸಹಿ ಹಾಕಲು ಹೊರಟಿದ್ದೀರಿ. ಅಪ್ಪ ಹೋಗಿಯಾಗಿತ್ತು, ಅರ್ಧ ಗಂಟೆ ತಡವಾದದ್ದಕ್ಕೆ ಅವರಿಗೆ ನೋವಾಗಲಿಲ್ಲ. ಜೀವ ಇರುವವರು ಆ ಗಾಡಿಯಲ್ಲಿ ಮಲಗಿದ್ದರೆ? 14ನೇ ಮಹಡಿಯಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ನಮ್ಮ ತಿರುವನ್ನು ದಾಟುವುದು ಹೇಗೆ? ಹೊಸದಾಗಿ ಬರುವವರಿಗೂ ಇದು ಗೊತ್ತಿರಬೇಕು ಅಲ್ವಾ? ಅವರೂ ಸಾಲ ಮಾಡಿಯೇ ಮನೆ ತೆಗೆದುಕೊಳ್ಳುವವರು.

ನಡೆಯುವವರ ಪಾಡು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಫುಟ್‌ಪಾತ್ ಇಲ್ಲ, ಚರಂಡಿಯ ಚಪ್ಪಡಿಯೇ ಫುಟ್‌ಪಾತ್. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಹಿತ್ತಲುಗಳೆಲ್ಲ ಕಾಂಕ್ರೀಟ್ ಆಗಿ ಏರಿನ ನೀರು ಈಗ ಓಣಿಯಲ್ಲೇ ತೋಡಿನ ಹಾಗೆ ಹರಿಯುತ್ತದೆ. ಮೊನ್ನೆ ಆ ಜಾಗದ ಮಣ್ಣು ಪರೀಕ್ಷೆಗೆ ಬಂದ ಲಾರಿ ಎರಡು ಚಪ್ಪಡಿ ಮುರಿದು ಹೋಯಿತು. ಅವು ಇನ್ನೂ ಹಾಗೇ ಬಾಯಿ ತೆರೆದುಕೊಂಡಿವೆ. ಅದರ ಪಕ್ಕದಲ್ಲೇ ಶಾಲೆಯ ಮಕ್ಕಳು ವ್ಯಾನಿಗೆ ಕಾಯುತ್ತಾರೆ.

ನೀವು ಕಟ್ಟಡವೇ ಬೇಡ ಅನ್ನಿ ಅಂತ ನಾನು ಕೇಳುತ್ತಿಲ್ಲ. ಓಣಿ ತಾಳುವಷ್ಟು ಕಟ್ಟಲಿ. ಎಷ್ಟು ತಾಳುತ್ತದೆ ಅಂತ ನಕ್ಷೆಯಲ್ಲಿ ಕಾಣುವುದಿಲ್ಲ, ಇಲ್ಲಿ ಬಂದು ನಿಂತರೆ ಕಾಣುತ್ತದೆ. ಬಂದು ಅಳೆಯಿರಿ. ಅಳೆದ ಅಂಕಿಯನ್ನು ಕಡತದಲ್ಲಿ ಬರೆಯಿರಿ. ಆಮೇಲೆ ನಿಯಮ ಏನು ಹೇಳುತ್ತದೋ ಅದನ್ನೇ ಮಾಡಿ. ಅಳೆಯದೆ ಮಾತ್ರ ಸಹಿ ಹಾಕಬೇಡಿ.

ಭಾನುವಾರ ಬರಬೇಡಿ, ಅಂದು ಓಣಿ ಖಾಲಿ ಇರುತ್ತದೆ. ಶಾಲೆ ಇರುವ ದಿನ ಬೆಳಿಗ್ಗೆ 8 ಗಂಟೆಗೆ ಬನ್ನಿ. ಮಳೆ ಇದ್ದರೆ ಇನ್ನೂ ಒಳ್ಳೆಯದು. ಕಾರನ್ನು ಮೇನ್ ರೋಡಿನಲ್ಲೇ ಬಿಟ್ಟು ನಡೆದು ಬನ್ನಿ. ಟೇಪ್ ನಾನು ತರುತ್ತೇನೆ. ಒಂದು ತುದಿ ನೀವು ಹಿಡಿದುಕೊಂಡರೆ ಸಾಕು.

ಇಂತಿ,
ಬಿಜೈಯ ಆ ಓಣಿಯಲ್ಲಿ, ಏರಿನ ಮೇಲಿನ ಹಂಚಿನ ಮನೆಯವಳು