ನಗುವವರ ಕಡೆ ಮುಖ ಮಾಡಿ ಕೂರು

ಕುಂದಾಪುರ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿನೋವು ಈಗ ಪರವಾಗಿಲ್ಲ.

ನೀನು ಕಳಿಸಿದ ಸಿನಾಪ್ಸಿಸ್ ಎರಡು ಸಲ ಓದಿದೆ. ಹಾಸ್ಯದ ಮೇಲೆ ಪಿಎಚ್‌.ಡಿ. ಅಂದಿದ್ದಕ್ಕೆ ನಿಮ್ಮಪ್ಪ “ಜೋಕು ಓದೋದಕ್ಕೂ ಡಾಕ್ಟರೇಟ್ ಕೊಡ್ತಾರಾ?” ಅಂತ ಕೇಳಿದನಂತೆ. ಕೇಳಲಿ ಬಿಡು. ಅಳುವಿನ ಮೇಲೆ ಮಾಡಿದ್ದರೆ ಅವನು ಸುಮ್ಮನಿರುತ್ತಿದ್ದ. ದುಃಖಕ್ಕೆ ಇರುವ ಮರ್ಯಾದೆ ನಗುವಿಗೆ ಇಲ್ಲ, ವಿಶ್ವವಿದ್ಯಾಲಯಗಳಲ್ಲೂ ಇಲ್ಲ.

ನಿನ್ನ ಮೊದಲ ಅಧ್ಯಾಯದ ಬಗ್ಗೆ ಮಾತ್ರ ನನಗೆ ತಕರಾರಿದೆ. ಬೇರೆಯವರಿಗಿಂತ ನಾವು ಮೇಲು ಅಂತ ತಟ್ಟನೆ ಅನ್ನಿಸಿದಾಗ ನಗು ಬರುತ್ತದೆ ಎಂದ ತತ್ವಜ್ಞಾನಿ ಹಾಬ್ಸ್. ಕಾದದ್ದೊಂದು, ಬಂದದ್ದೊಂದು ಆದಾಗ ಬರುತ್ತದೆ ಎಂದ ಇನ್ನೊಬ್ಬ ತತ್ವಜ್ಞಾನಿ ಕಾಂಟ್. ಒಳಗೆ ಅದುಮಿಟ್ಟದ್ದು ಜೋಕಿನ ನೆಪದಲ್ಲಿ ಹೊರಬೀಳುತ್ತದೆ ಎಂದ ಮನೋವಿಶ್ಲೇಷಕ ಫ್ರಾಯ್ಡ್. ಇವರಿಗೆ ನೀನು ಅರವತ್ತು ಪುಟ ಇಟ್ಟಿದ್ದೀಯ. ಹತ್ತು ಸಾಕು ಮಾರಾಯ್ತಿ. ಹಾಸ್ಯದ ಮೇಲೆ ಬರೆಯುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ, ಅರ್ಧ ಜನ ಇಲ್ಲೇ ಸುಸ್ತಾಗುತ್ತಾರೆ. ನಿನ್ನ ವಿಷಯದ ಹೆಸರಲ್ಲಿ ‘ಸಮಾಜ’ ಅಂತ ಇದೆ ಅಲ್ವಾ? ಹಾಗಿದ್ದರೆ ಯಾರು, ಯಾರನ್ನು, ಯಾರ ಎದುರಿಗೆ ಆಡಿಕೊಂಡು ನಕ್ಕರು ಅನ್ನುವುದೇ ನಿನ್ನ ಮುಖ್ಯ ಪ್ರಶ್ನೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರಾಬರ್ಟ್ ಪ್ರೊವೈನ್ ಎಂಬ ನರವಿಜ್ಞಾನಿ ಇದ್ದ. 1990ರ ದಶಕದಲ್ಲಿ ಅವನೂ ಅವನ ವಿದ್ಯಾರ್ಥಿಗಳೂ ಮಾಲು, ಕಾಲೇಜು, ಬೀದಿಗಳಲ್ಲಿ ಜನರ ಮಾತಿಗೆ ಕಿವಿಗೊಟ್ಟು 1,200 ನಗುಗಳನ್ನು ಬರೆದುಕೊಂಡರು. ಪ್ರತಿ ನಗುವಿನ ಹಿಂದಿನ ಮಾತು ಯಾವುದು ಅಂತಲೂ ಗುರುತು ಹಾಕಿದರು. ಜೋಕು ಅನ್ನಬಹುದಾದ ಮಾತು ಇದ್ದದ್ದು ನೂರರಲ್ಲಿ ಇಪ್ಪತ್ತಕ್ಕಿಂತ ಕಡಿಮೆ. ಉಳಿದದ್ದೆಲ್ಲ “ಸರಿ, ಆಮೇಲೆ ಸಿಗ್ತೀನಿ” ಎಂಬಂಥ ಸಾದಾ ಮಾತು. ಕೇಳುವವರಿಗಿಂತ ಹೇಳುವವರೇ ಜಾಸ್ತಿ ನಗುತ್ತಿದ್ದರು. ಅಂದಮೇಲೆ ಜೋಕುಗಳನ್ನು ಪುಸ್ತಕದಿಂದ ಆರಿಸಿ ವಿಂಗಡಿಸಿಟ್ಟರೆ ನಿನ್ನ ಕೈಗೆ ಸಿಗುವುದು ನಗುವಿನ ಒಂದು ಚೂರು ಮಾತ್ರ.

ನಾಟ್ಯಶಾಸ್ತ್ರದ ಆರು ಬಗೆಯ ನಗುವನ್ನು ನೀನು ಪಟ್ಟಿ ಮಾಡಿ ಮುಂದೆ ಹೋಗಿಬಿಟ್ಟಿದ್ದೀಯ. ಅಲ್ಲಿ ನಿಲ್ಲಬೇಕಿತ್ತು. ಸ್ಮಿತ, ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಅಪಹಸಿತ, ಅತಿಹಸಿತ ಅಧಮರಿಗೆ. ದೊಡ್ಡವರು ಹಲ್ಲು ಕಾಣದ ಹಾಗೆ, ಕಂಡರೂ ಚೂರೇ ಕಾಣುವ ಹಾಗೆ, ಕೆನ್ನೆಯಲ್ಲೇ ನಗಬೇಕು. ಕಣ್ಣಲ್ಲಿ ನೀರು ಬರಿಸಿಕೊಂಡು, ಪಕ್ಕೆ ಹಿಡಿದುಕೊಂಡು ನಗುವವರು ಕೀಳು. ಹೆಂಗಸರಲ್ಲೂ ಕೀಳು ಪಾತ್ರಗಳಲ್ಲೂ ಹಾಸ್ಯ ಜಾಸ್ತಿ ಕಾಣುತ್ತದೆ ಅಂತ ಬೇರೆ ಅಲ್ಲೇ ಹೇಳಿದೆ. ನಗುವ ಹೆಂಗಸನ್ನು ನಂಬಬಾರದು ಅನ್ನುವ ನಮ್ಮ ಗಾದೆಯನ್ನು ಪಕ್ಕದಲ್ಲಿಟ್ಟು ನೋಡು. ಯಾರಿಗೆ ಎಷ್ಟು ಬಾಯಿ ತೆರೆಯುವ ಹಕ್ಕಿದೆ ಅಂತ ಅಳೆದುಕೊಟ್ಟ ಹಾಗಿದೆ. ಇದೇ ಒಂದು ಅಧ್ಯಾಯಕ್ಕೆ ಸಾಕು.

ಆ ಹೆಂಗಸರೇ ಮದುವೆ ಮನೆಯಲ್ಲಿ ಏನು ಮಾಡುತ್ತಿದ್ದರು? ಊಟದ ಪಂಕ್ತಿಯಲ್ಲಿ ಕೂತ ಬೀಗಿತ್ತಿಯ ಮೂಗು, ನಡಿಗೆ, ಅವಳು ಮುಗಿಸಿದ ಹೋಳಿಗೆಯ ಲೆಕ್ಕ, ಎಲ್ಲವನ್ನೂ ಹಾಡು ಕಟ್ಟಿ ಜರಿಯುತ್ತಿದ್ದರು. ಬೀಗಿತ್ತಿ ಸಿಟ್ಟಾಗುವ ಹಾಗಿಲ್ಲ. ಸಿಟ್ಟಾದರೆ ಅವಳದೇ ಸಣ್ಣತನ. ಅವಳ ಕಡೆಯವರು ಇನ್ನೂ ಜೋರಾಗಿ ತಿರುಗಿಸಿ ಹಾಡಬೇಕು. ರಾಡ್‌ಕ್ಲಿಫ್-ಬ್ರೌನ್ ಎಂಬ ಮಾನವಶಾಸ್ತ್ರಜ್ಞ 1940ರಲ್ಲಿ ಬರೆದ ಲೇಖನದಲ್ಲಿ ಇದೇ ವಿಷಯ ಇದೆ. ಅವನ ಉದಾಹರಣೆಗಳಲ್ಲಿ ಬಹಳಷ್ಟು ಆಫ್ರಿಕಾದವು. ಕೆಲವು ಸಂಬಂಧಗಳಲ್ಲಿ ಛೇಡಿಸಲು ಅನುಮತಿ ಇರುತ್ತದೆ, ಕೆಲವು ಕಡೆ ಛೇಡಿಸಲೇಬೇಕು, ಛೇಡಿಸಿಕೊಂಡವರು ಬೇಜಾರು ಮಾಡಿಕೊಳ್ಳಬಾರದು. ಮದುವೆ ಎರಡು ಮನೆಗಳನ್ನು ಸೇರಿಸುತ್ತದೆ, ಆದರೆ ಅವು ಎರಡೇ ಮನೆಗಳಾಗಿ ಉಳಿಯುತ್ತವೆ. ಜಗಳವಾಗಬಹುದಾದ ಜಾಗ ಅದು. ಅಲ್ಲಿ ಒಂದೋ ಪೂರ್ತಿ ಮರ್ಯಾದೆಯಿಂದ ದೂರ ಇರಬೇಕು, ಇಲ್ಲವೇ ಜಗಳವನ್ನು ಆಟ ಮಾಡಿಕೊಳ್ಳಬೇಕು. ಅತ್ತೆಯ ಎದುರು ಬಾಯಿಬಿಡದ ಅಳಿಯ ನಾದಿನಿಯ ಜೊತೆ ತಮಾಷೆ ಮಾಡುವುದಿಲ್ಲವೇ?

ಈಗಿನ ಕಲ್ಯಾಣಮಂಟಪಗಳಲ್ಲಿ ಈ ಹಾಡು ಅಪರೂಪ, ಸ್ಪೀಕರ್ ಸದ್ದೇ ಜಾಸ್ತಿ. ಹಾಡಬಲ್ಲ ಹಿರಿಯ ಹೆಂಗಸರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಹಾಡಿಸಿ ರೆಕಾರ್ಡ್ ಮಾಡಿಕೋ. ಬರೀ ಸಾಲು ಬರೆದುಕೊಂಡರೆ ಸಾಲದು. ಯಾರಿಗೆ ಹಾಡಿದ್ದು, ಅವಳು ಏನು ಮಾಡಿದಳು, ಯಾವ ಸಾಲನ್ನು ಯಾರ ಎದುರು ಬಿಟ್ಟುಬಿಡುತ್ತಿದ್ದರು ಅಂತ ಕೇಳು.

ಇನ್ನು ಭಾಷೆಯ ವಿಷಯ. ಇಲ್ಲಿ ನನಗೆ ಸ್ವಲ್ಪ ಸ್ವಂತ ಕೋಪವೂ ಇದೆ. ಕ್ರಿಸ್ಟಿ ಡೇವಿಸ್ ಎಂಬ ಸಮಾಜಶಾಸ್ತ್ರಜ್ಞ ಎಷ್ಟೋ ದೇಶಗಳ ‘ದಡ್ಡರ ಜೋಕು’ ಕೂಡಿಹಾಕಿ ನೋಡಿದ. ಆ ಜೋಕುಗಳಲ್ಲಿ ದಡ್ಡರಾಗುವವರು ಎಲ್ಲೋ ದೂರದ ಶತ್ರುಗಳಲ್ಲ, ಹೆಚ್ಚಾಗಿ ಪಕ್ಕದವರೇ, ಅಂಚಿನಲ್ಲಿರುವವರು, ನಮ್ಮ ಹಾಗೇ ಇದ್ದು ಚೂರು ಬೇರೆ ಥರ ಮಾತಾಡುವವರು. ನಮ್ಮ ಸಿನಿಮಾ ತೆಗೆದು ನೋಡು. ನಾಯಕ ಹೆಚ್ಚಾಗಿ ಬೆಂಗಳೂರು–ಮೈಸೂರು ಕಡೆಯ ಕನ್ನಡ ಆಡುತ್ತಾನೆ. ಅಡುಗೆಯವನೋ ಹೋಟೆಲಿನವನೋ ಬಂದರೆ ಮಂಗಳೂರು ಕನ್ನಡ, ಜನ ನಗಬೇಕಾದಲ್ಲಿ ಉತ್ತರ ಕರ್ನಾಟಕದ ಕನ್ನಡ. ನಮ್ಮ ಕುಂದಾಪ್ರದ ಮಾತನ್ನು ನಮ್ಮ ಹುಡುಗನೇ ವೇದಿಕೆಯಲ್ಲಿ ಆಡಿದಾಗ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಅದನ್ನೇ ಹೊರಗಿನವನು ಅಣಕಿಸಿದರೆ ಮೈ ಉರಿಯುತ್ತದೆ. ಸಾಲು ಅದೇ, ಬಾಯಿ ಬೇರೆ. ಈ ವ್ಯತ್ಯಾಸವನ್ನು ನಿನ್ನ ಪ್ರಬಂಧ ವಿವರಿಸದಿದ್ದರೆ ಉಳಿದದ್ದು ಎಷ್ಟಿದ್ದರೇನು?

ನಿನ್ನ ಪಟ್ಟಿಯಲ್ಲಿ ಯಕ್ಷಗಾನ ಇರುವುದು ನೋಡಿ ಖುಷಿಯಾಯಿತು. ಆದರೆ ಪ್ರಸಂಗ ಪುಸ್ತಕ ಓದಿ ಹಾಸ್ಯದ ಬಗ್ಗೆ ಬರೆಯಬೇಡ. ಪುಸ್ತಕದಲ್ಲಿರುವುದು ಪದ್ಯ. ಮಾತು ಕಲಾವಿದ ಆ ರಾತ್ರಿ ರಂಗದಲ್ಲೇ ಹುಟ್ಟಿಸುವುದು. ಕಂಸವಧೆ ಪ್ರಸಂಗದ ರಜಕನನ್ನು ತೆಗೆದುಕೋ. ರಾಜರೆಲ್ಲ ಪುರಾಣದ ಕನ್ನಡದಲ್ಲಿ ಗುಡುಗುವಾಗ ಕಂಸನ ಈ ಅಗಸ ಮಾತ್ರ ನಮ್ಮ ನಿಮ್ಮ ಮಾತಲ್ಲಿ ಬರುತ್ತಾನೆ. ಮಥುರೆಯಲ್ಲಿ ನಿಂತು ಮೊನ್ನೆಯ ಪಂಚಾಯತಿ ಚುನಾವಣೆಗೂ ಒಂದು ಮಾತು ಸೇರಿಸಬಲ್ಲ. ಹಾಸ್ಯಗಾರನಿಗೆ ಆ ಸ್ವಾತಂತ್ರ್ಯ ಇದೆ. ಕಥೆಯಲ್ಲಿ ಅವನು ಕೃಷ್ಣನಿಗೆ ಬಟ್ಟೆ ಕೊಡುವುದಿಲ್ಲ, ಕೃಷ್ಣ ಅವನನ್ನು ಕೊಲ್ಲುತ್ತಾನೆ. ಅಷ್ಟು ಹೊತ್ತು ನಗಿಸಿದವನು ಸತ್ತಾಗ ಸಭೆಯಲ್ಲಿ ಏನಾಗುತ್ತದೆ? ಆ ಪಾತ್ರದ ಜಾತಿಯವರು ಸಭೆಯಲ್ಲಿದ್ದರೆ ಅವರು ಯಾವ ಮಾತಿಗೆ ನಕ್ಕರು, ಯಾವುದಕ್ಕೆ ಸುಮ್ಮನಾದರು? ಇದನ್ನು ಕೂತು ಬರೆದವರು ಕಡಿಮೆ.

ಅದಕ್ಕೇ ಹೇಳುವುದು, ಯಕ್ಷಗಾನದ ಆಟಕ್ಕೆ ಹೋದಾಗ ರಂಗಸ್ಥಳದ ಪಕ್ಕದಲ್ಲಿ ಸಭೆಯ ಕಡೆ ಮುಖ ಮಾಡಿ ಕೂರು. ಮಕ್ಕಳು ಎಲ್ಲಿ ನಕ್ಕರು, ಹಿಂದೆ ನಿಂತ ಗಂಡಸರು ಎಲ್ಲಿ ಶಿಳ್ಳೆ ಹೊಡೆದರು, ಯಾರು ಎದ್ದು ಹೋದರು, ಗಂಟೆ ಹಾಕಿ ಬರೆದುಕೋ. ಯೂಟ್ಯೂಬಿನ ತುಣುಕುಗಳನ್ನು ಮಾತ್ರ ನಂಬಬೇಡ. ಹೆಚ್ಚಿನವುಗಳಲ್ಲಿ ಸಭೆಯ ಸದ್ದು ಕೇಳುತ್ತದೆ, ಮುಖ ಕಾಣುವುದಿಲ್ಲ. ಕಲಾವಿದರ ಮಾತು ಬಳಸುವ ಮೊದಲು ಅವರನ್ನೇ ಕೇಳಿ ಒಪ್ಪಿಗೆ ತಗೋ. ಒಂದು ರಾತ್ರಿಯ ಮಾತು ಅಚ್ಚಾಗಿ ಕೋರ್ಟು ಕಚೇರಿ ಹತ್ತಿದರೆ ಪೆಟ್ಟು ತಿನ್ನುವುದು ಅವರು.

ಹಾಸ್ಯ ಅಧಿಕಾರವನ್ನು ಅಲುಗಾಡಿಸುತ್ತದಾ, ಜನರ ಸಿಟ್ಟನ್ನು ಇಳಿಸಿ ಮನೆಗೆ ಕಳಿಸುತ್ತದಾ ಅಂತ ಕೊನೆಯ ಅಧ್ಯಾಯದಲ್ಲಿ ಕೇಳಿದ್ದೀಯ. ಬಹಳ ಸಲ ಎರಡನೆಯದೇ ಅಂತ ನನ್ನ ಅನಿಸಿಕೆ. ಆದರೂ 2021ರ ನವೆಂಬರಿನಲ್ಲಿ ಮುನವ್ವರ್ ಫಾರೂಕಿ ಎಂಬ ಸ್ಟ್ಯಾಂಡಪ್ ಹಾಸ್ಯಗಾರನ ಶೋ ಬೆಂಗಳೂರಿನಲ್ಲಿ ಪೊಲೀಸರ ಮಾತಿನ ಮೇಲೆ ರದ್ದಾಯಿತು. ಸುಮ್ನೆ ನಗಿಸುವವನಿಗೆ ಅಷ್ಟು ಹೆದರಿದವರು ಯಾರು ಅಂತ ಯೋಚಿಸು. ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಹೊರಡಬೇಡ.

ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರು. ಆಗ ಹದಿನೈದು ದಿನ ರಜೆ ಹಾಕಿ ಬಾ. ನಮ್ಮ ಸುತ್ತಮುತ್ತ ಯಾವ ದಿನ ಎಲ್ಲಿ ಆಟ ಅಂತ ವಿಚಾರಿಸಿ ಇಡುತ್ತೇನೆ. ಬರುವಾಗ ಒಳ್ಳೆಯ ರೆಕಾರ್ಡರ್ ತಾ. ಮೊಬೈಲಿನಲ್ಲಿ ಚೆಂಡೆ ಒಂದೇ ಕೇಳುತ್ತದೆ, ಮಾತು ಸಿಗುವುದಿಲ್ಲ. ಮೊದಲ ಅಧ್ಯಾಯ ಇಳಿಸಿ ಬರೆದದ್ದನ್ನು ಅದಕ್ಕೂ ಮುಂಚೆ ಕಳಿಸು.

ಇತಿ,
ನಿನ್ನ ದೊಡ್ಡಪ್ಪ