ನಕ್ಷೆ ತಿದ್ದುವವರು ಹಳೆಯ ಗೆರೆಯನ್ನೂ ಉಳಿಸಲಿ

ಮಾನ್ಯ ಸಂಪಾದಕರೇ,

ರಸ್ತೆ, ಕೆರೆ, ಗಡಿ, ಕಟ್ಟಡಗಳ ಡಿಜಿಟಲ್ ನಕ್ಷೆಗಳನ್ನು ಕಚೇರಿಗಳೂ ಸ್ವಯಂಸೇವಕರ ತಂಡಗಳೂ ಸತತವಾಗಿ ತಿದ್ದುತ್ತಿರುತ್ತವೆ. ತಿದ್ದಿದ ನಕ್ಷೆ ಜನರ ಕೈಗೆ ಬರುತ್ತದೆ. ಮೊದಲು ಅದು ಹೇಗಿತ್ತು, ಯಾರು ಯಾವ ಆಧಾರದ ಮೇಲೆ ಬದಲಿಸಿದರು ಎಂಬುದು ಹೆಚ್ಚಿನ ಸಲ ಬರುವುದಿಲ್ಲ. ಗಡಿಯ ಗೆರೆಯೊಂದು ಹತ್ತು ಮೀಟರ್ ಸರಿದಿದ್ದರೆ, ಹೊಸ ಅಳತೆಯಿಂದ ಸರಿಯಿತೋ ಮೌಸ್ ಜಾರಿ ಸರಿಯಿತೋ ಎಂದು ನಕ್ಷೆಯನ್ನು ನೋಡಿ ಹೇಳಲಾಗದು.

ಫೈಲನ್ನು ನಕಲು ಮಾಡಿ ಹೆಸರಿಗೆ ದಿನಾಂಕ ಅಂಟಿಸಿಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. ಅದು ಬ್ಯಾಕಪ್ ಅಷ್ಟೇ. ಸಾವಿರಾರು ರಸ್ತೆಗಳಿರುವ ಎರಡು ನಕಲುಗಳಲ್ಲಿ ಬದಲಾದ ಮೂರನ್ನು ಹುಡುಕಬೇಕಾದರೆ ಪ್ರತಿ ರಸ್ತೆಗೂ ಎಂದೂ ಬದಲಾಗದ ಒಂದು ಐಡಿ, ಅಂದರೆ ಗುರುತಿನ ಸಂಖ್ಯೆ, ಬೇಕು. ನಕ್ಷೆಯ ದತ್ತಾಂಶ ಇಡಲು ಬಹಳ ಕಡೆ ಬಳಸುವ ಶೇಪ್‌ಫೈಲ್ ಎಂಬ ಫೈಲ್ ಮಾದರಿ ತಾನಾಗಿ ಕೊಡುವ ಸಂಖ್ಯೆ ಬರೀ ಸಾಲಿನ ಕ್ರಮಸಂಖ್ಯೆ. ನಡುವಿನ ಒಂದು ಸಾಲು ಅಳಿಸಿ, ಖಾಲಿಯಾದ ಜಾಗ ತೆಗೆದು ಫೈಲ್ ಒತ್ತಾಗಿಸಿದರೆ ಅದರ ಕೆಳಗಿನ ಎಲ್ಲ ಸಾಲುಗಳ ಸಂಖ್ಯೆ ಒಂದೊಂದು ಕಡಿಮೆಯಾಗುತ್ತದೆ. ಆಮೇಲೆ ಹೋಲಿಸಿದರೆ ಆ ಎಲ್ಲ ರಸ್ತೆಗಳೂ ಬದಲಾದಂತೆ ಕಾಣುತ್ತವೆ. ಆದ್ದರಿಂದ ಮೊದಲ ದಿನವೇ ಪ್ರತ್ಯೇಕ ಐಡಿ ಕಾಲಂ ಸೇರಿಸಿ. ಒಮ್ಮೆ ಕೊಟ್ಟ ಐಡಿಯನ್ನು, ಆ ರಸ್ತೆ ಅಳಿದುಹೋದರೂ ಬೇರೊಂದಕ್ಕೆ ಕೊಡಬೇಡಿ.

ಈ ವಿಷಯದಲ್ಲಿ, ಸ್ವಯಂಸೇವಕರು ಸೇರಿ ರೂಪಿಸುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕ್ರಮ ಅನುಕರಣೀಯ. ಅಲ್ಲಿ ಪ್ರತಿ ವಸ್ತುವಿಗೂ ಐಡಿಯ ಜೊತೆ ಆವೃತ್ತಿ ಸಂಖ್ಯೆಯಿದೆ. 2009ರಿಂದ ಪ್ರತಿ ತಿದ್ದುಪಡಿಯೂ ಒಂದು ಚೇಂಜ್‌ಸೆಟ್‌ಗೆ, ಅಂದರೆ ಒಬ್ಬರು ಮಾಡಿದ ತಿದ್ದುಪಡಿಗಳ ಕಟ್ಟಿಗೆ, ಸೇರುತ್ತದೆ. ಏಕೆ ತಿದ್ದಿದೆ, ಆಧಾರವೇನು ಎಂದು ಅದರಲ್ಲಿ ಬರೆಯಬಹುದು. ನೀವು 4ನೇ ಆವೃತ್ತಿ ಇಳಿಸಿಕೊಂಡು ತಿದ್ದುತ್ತಿರುವಾಗ ಬೇರೊಬ್ಬರು 5ನೆಯದನ್ನು ಸೇರಿಸಿದ್ದರೆ, ಸರ್ವರ್ ನಿಮ್ಮದನ್ನು ತಿರಸ್ಕರಿಸುತ್ತದೆ. ಇಬ್ಬರಲ್ಲಿ ಒಬ್ಬರ ಕೆಲಸ ಸದ್ದಿಲ್ಲದೆ ಅಳಿಸಿಹೋಗದಂತೆ ಕಾಯುವುದು ಈ ತಿರಸ್ಕಾರವೇ. 5ನೆಯದು ತಪ್ಪೆಂದು ಗೊತ್ತಾದರೆ ಅದನ್ನು ಒರೆಸುವುದಿಲ್ಲ, 4ರಲ್ಲಿದ್ದದ್ದನ್ನೇ 6ನೇ ಆವೃತ್ತಿಯಾಗಿ ಸೇರಿಸುತ್ತಾರೆ. ತಪ್ಪೂ ದಾಖಲೆಯಲ್ಲಿ ಉಳಿಯುತ್ತದೆ.

ಇಲ್ಲೂ ಎಡವುವ ಜಾಗಗಳಿವೆ. ರಸ್ತೆಯ ಗೆರೆ ನಿಂತಿರುವುದು ನೋಡ್‌ಗಳೆಂಬ ಬಿಂದುಗಳ ಮೇಲೆ. ನೋಡ್ ಸರಿಸಿದರೆ ಅದರ ಆವೃತ್ತಿ ಏರುತ್ತದೆ, ರಸ್ತೆಯದು ಏರುವುದಿಲ್ಲ. ರಸ್ತೆಯ ಇತಿಹಾಸವನ್ನಷ್ಟೇ ನೋಡಿದವರಿಗೆ ಏನೂ ಬದಲಾಗಿಲ್ಲವೆಂದೇ ತೋರುತ್ತದೆ. ರಸ್ತೆಯನ್ನು ಎರಡು ಮಾಡಿದಾಗ ಒಂದು ತುಂಡಿಗೆ ಹಳೆಯ ಐಡಿ ಉಳಿದು, ಇನ್ನೊಂದು ಹೊಸ ಐಡಿಯೊಂದಿಗೆ ಮೊದಲ ಆವೃತ್ತಿಯಿಂದ ಶುರುವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು, ಸೊಟ್ಟಗಿರುವ ಕಟ್ಟಡವನ್ನು ಅಳಿಸಿ ಹೊಸದಾಗಿ ಬರೆಯುವ ಅಭ್ಯಾಸ. ಹಳೆಯದರ ಮೂಲೆಗಳನ್ನೇ ಎಳೆದು ಸರಿಪಡಿಸಿದರೆ ವರ್ಷಗಳ ದಾಖಲೆ ಒಂದೇ ಐಡಿಯ ಕೆಳಗೆ ಉಳಿಯುತ್ತದೆ.

ಸ್ವಂತ ಡೇಟಾಬೇಸ್ ಇರುವ ಕಚೇರಿಗೆ ಇದು ದುಬಾರಿ ಕೆಲಸವೇನಲ್ಲ. ನಕ್ಷೆಯ ದತ್ತಾಂಶ ಇಡಬಲ್ಲ ಪೋಸ್ಟ್‌ಜಿಐಎಸ್ ಡೇಟಾಬೇಸಿನಲ್ಲಿ ಮೂಲ ಟೇಬಲ್ಲಿನ ಪಕ್ಕದಲ್ಲಿ ಇತಿಹಾಸದ ಟೇಬಲ್ ಒಂದನ್ನು ಮಾಡಿ. ಐಡಿ, ಆಕೃತಿ, ವಿವರಗಳ ಜೊತೆ ಯಾವಾಗಿನಿಂದ, ಯಾವಾಗಿನವರೆಗೆ, ಯಾರು, ಆಧಾರವೇನು ಎಂಬ ನಾಲ್ಕು ಕಾಲಂ ಸಾಕು. ತಿದ್ದಿದಾಗಲೆಲ್ಲ ಟ್ರಿಗರ್ (ಡೇಟಾಬೇಸಿನಲ್ಲಿ ತಾನಾಗಿ ಓಡುವ ಆದೇಶ) ಹಳೆಯ ಸಾಲಿಗೆ ಮುಕ್ತಾಯದ ಸಮಯ ಹಾಕಿ ಹೊಸ ಸಾಲು ಸೇರಿಸಲಿ. ಅಳಿಸಿದಾಗ ಮುಕ್ತಾಯದ ಸಮಯವನ್ನಷ್ಟೇ ಹಾಕಲಿ. ಆದರೆ ಎಲ್ಲರೂ ಒಂದೇ ಲಾಗಿನ್ ಬಳಸುವ ಕಡೆ ‘ಯಾರು’ ಎಂಬ ಕಾಲಂಗೆ ಅರ್ಥವೇ ಇರುವುದಿಲ್ಲ. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಕೊಡಲೇಬೇಕು.

ಚಿಕ್ಕ ತಂಡಗಳಿಗೆ, ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶ ಸಾಕಾಗುತ್ತದೆ. ನಕ್ಷೆಯನ್ನು ಪಠ್ಯರೂಪದಲ್ಲಿ ಇಡುವ ಜಿಯೋಜೇಸನ್ ಫೈಲನ್ನು ಐಡಿ ಪ್ರಕಾರ ಜೋಡಿಸಿ, ಸಾಲಿಗೊಂದು ವಸ್ತುವಿನಂತೆ ಬರೆಯಿರಿ. ನಿರ್ದೇಶಾಂಕಗಳನ್ನು (ಡಿಗ್ರಿಯಲ್ಲಿರುವ ಅಕ್ಷಾಂಶ, ರೇಖಾಂಶ) 7 ದಶಮಾಂಶಕ್ಕೆ ನಿಲ್ಲಿಸಿ. ಅಷ್ಟಕ್ಕೇ ಸುಮಾರು 1.1 ಸೆಂಟಿಮೀಟರ್ ನಿಖರತೆ ಸಿಗುತ್ತದೆ. 15 ದಶಮಾಂಶ ಉಳಿಸಿದರೆ, ಯಾರೂ ಮುಟ್ಟದ ಬಿಂದುವಿನ ಕೊನೆಯ ಅಂಕಿಯೂ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಬದಲಾಗಿ, ನಿಜವಾದ ತಿದ್ದುಪಡಿ ಆ ರಾಶಿಯಲ್ಲಿ ಮುಳುಗುತ್ತದೆ. ಪಠ್ಯರೂಪದಲ್ಲಿಲ್ಲದ ಜಿಯೋಪ್ಯಾಕೇಜ್ ಎಂಬ ನಕ್ಷೆ ಫೈಲನ್ನು ಹಾಗೆಯೇ ಗಿಟ್‌ಗೆ ಹಾಕಬೇಡಿ: ಅದರೊಳಗೆ ಏನು ಬದಲಾಯಿತೆಂದು ಗಿಟ್ ತೋರಿಸಲಾರದು, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನೋಡಲೆಂದು ತೆರೆದರೂ ಫೈಲ್ ಬದಲಾಗಬಹುದು. ಸಾಲು ಸಾಲಾಗಿ ಹೋಲಿಸುವ ಕಾರ್ಟ್ ಎಂಬ ಮುಕ್ತ ತಂತ್ರಾಂಶ ಇಂಥ ಫೈಲುಗಳಿಗೆ ಒಗ್ಗುತ್ತದೆ.

ಸಾರ್ವಜನಿಕರಿಗೆ ನಕ್ಷೆಯ ದತ್ತಾಂಶ ಕೊಡುವ ಸಂಸ್ಥೆಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರತಿ ಬಿಡುಗಡೆಯ ಜೊತೆಗೆ, ಹಿಂದಿನ ಬಿಡುಗಡೆಯಿಂದೀಚೆಗೆ ಸೇರಿದ, ಬದಲಾದ, ಅಳಿದ ವಸ್ತುಗಳ ಐಡಿ, ದಿನಾಂಕ ಮತ್ತು ಆಧಾರವಿರುವ ಫೈಲನ್ನೂ ಕೊಡಲಿ. ತಿದ್ದಿದ ಸಿಬ್ಬಂದಿಯ ಹೆಸರು ಕಚೇರಿಯೊಳಗೇ ಇರಲಿ, ಉಳಿದದ್ದು ಹೊರಗೆ ಬರಲಿ.

ಇತಿ,
ನಕ್ಷೆ ದತ್ತಾಂಶದ ಕೆಲಸದಲ್ಲಿರುವ ಓದುಗ